ಗಾಜಿನ ಆಚೆಯ ಹಳದಿ

ಬಂತು, ಮೂಗಿನ ಬುಡದಲ್ಲಿ ಯಾರೋ ಎಳೆ ಹುಲ್ಲಿನ ತುದಿ ಆಡಿಸಿದ ಹಾಗೆ, ಬಂತು, ಈಗ, ಚಿಗುಸಾ ಬಾಯಿ ಅರ್ಧ ತೆರೆದು ಚಾವಣಿಯ ದೀಪವನ್ನೇ ನೋಡುತ್ತ ಕೂತಳು — ಇಲ್ಲ, ಹೋಯಿತು, ಬಾರದೆ ಉಳಿದ ಸೀನು ಹಣೆಯ ಹಿಂದೆ ಎಲ್ಲೋ ಹೋಗಿ ಕೂತಿತು, ಕಣ್ಣಿನಿಂದ ಮಾತ್ರ ನೀರು ಇಳಿಯಿತು, ಬಲಗಣ್ಣಿನಿಂದ ಮೊದಲು, ಯಾವಾಗಲೂ ಬಲಗಣ್ಣೇ ಮೊದಲು, ಮಾಸ್ಕಿನ ಅಂಚು ಒದ್ದೆಯಾಯಿತು, ಎದುರಿಗೆ ಕೂತಿದ್ದ ಮಿತ್ಸುಯೊ ಅತ್ತೆ ಅದನ್ನು ಕಂಡು ತನ್ನ ಕರವಸ್ತ್ರ ಮುಂದೆ ಚಾಚಿದಳು, ಅತ್ತುಬಿಡು ಚಿಗು, ನಿಮ್ಮಪ್ಪನ್ನ ಒಲೆಯೊಳಗೆ ಕಳಿಸಿ ಇನ್ನೂ ಇಪ್ಪತ್ತು ನಿಮಿಷ ಆಗಿಲ್ಲ, ಈಗ ಅಳದೆ ಇನ್ಯಾವಾಗ ಅಳ್ತೀಯ. ಅಳು ಅಲ್ಲ ಅತ್ತೆ, ಇದು ಸುಗಿ ಮರದ ಹೂದೂಳು, ಫೆಬ್ರವರಿಯಿಂದ ಹೀಗೇ ಸುರಿಯುತ್ತಿದೆ, ಮಂಗಳವಾರದವರೆಗೆ ಅಪ್ಪ ಬದುಕಿದ್ದ, ಆಗಲೂ ಹೀಗೇ ಸುರಿಯುತ್ತಿತ್ತು — ಹೇಳಬೇಕೆಂದುಕೊಂಡಳು, ಬದಲಿಗೆ ಕರವಸ್ತ್ರ ತೆಗೆದುಕೊಂಡಳು, ಅದರಲ್ಲಿ ನುಸಿಗುಳಿಗೆಯ ವಾಸನೆ ಇರಬೇಕು, ಅತ್ತೆಯ ಬಟ್ಟೆಗಳಿಗೆಲ್ಲ ಅದೇ ವಾಸನೆ, ಆದರೆ ಅವಳ ಮೂಗು ತಿಂಗಳಿಂದ ಮುಚ್ಚಿದ ಬಾಗಿಲು, ನಿನ್ನೆ ಅಪ್ಪನ ತಲೆಯ ಹತ್ತಿರ ಊದುಕಡ್ಡಿ ಹಚ್ಚಿದಾಗಲೂ ಹೊಗೆ ಕಂಡಿತ್ತೇ ಹೊರತು ವಾಸನೆ ಬಂದಿರಲಿಲ್ಲ. ಸುಡುಮನೆಯ ಈ ಕಾಯುವ ಕೋಣೆಯಲ್ಲಿ ಎಲ್ಲವೂ ಚೊಕ್ಕಟ, ಮೇಜಿನ ಮೇಲೆ ಹಸಿರು ಚಹಾ, ಅಕ್ಕಿಯ ಬಿಲ್ಲೆಗಳು, ಕೆಂಪು ಕಾಳಿನ ಸಿಹಿ, ದೊಡ್ಡ ಕಿಟಕಿ, ಕಿಟಕಿಯಾಚೆ ಅಪ್ಪನನ್ನು ತಂದ ಕಪ್ಪು ಗಾಡಿ, ಬೆಳಿಗ್ಗೆ ಕನ್ನಡಿಯ ಹಾಗೆ ಒರೆಸಿ ತಂದಿದ್ದರು, ಈಗಾಗಲೇ ಅದರ ಮೂತಿಯ ಮೇಲೆ ಹಳದಿ ಕೂತಿದೆ, ಅಕ್ಕಿ ಉಂಡೆಯ ಮೇಲೆ ಉದುರಿಸುವ ಹುರಿದ ಸೋಯಾ ಹಿಟ್ಟಿನಷ್ಟು ತೆಳುವಾಗಿ, ಯಾರೋ ಅದರ ಮೇಲೆ ಬೆರಳಾಡಿಸಿ ಹೋಗಿದ್ದಾರೆ, ಒಂದೇ ಗೆರೆ, ಎಡದಿಂದ ಬಲಕ್ಕೆ — ಅವಳು ತಟ್ಟನೆ ಕಣ್ಣು ತಿರುಗಿಸಿದಳು, ಬೆರಳು ಬೇಡ, ಈಗ ಬೇಡ, ಬೇರೆ ಏನಾದರೂ, ಬಿಲ್ಲೆಗಳನ್ನು ಎಣಿಸು, ಗಡಿಯಾರ ನೋಡು, ಇನ್ನೊಂದು ಗಂಟೆಗೆ ಒಳಗೆ ಕರೆಯುತ್ತಾರೆ, ಉದ್ದನೆಯ ಕಡ್ಡಿಗಳನ್ನು ಕೈಗೆ ಕೊಡುತ್ತಾರೆ, ಎಲುಬು ಆರಿಸಬೇಕು, ಆಗ ಈ ಸೀನು ಬಂದರೆ, ತಟ್ಟೆಯ ಮೇಲೆ ಬಗ್ಗಿದಾಗಲೇ ಬಂದರೆ, ಬೂದಿ ಹಾರುತ್ತದೆ, ಅಪ್ಪ ಹಾರುತ್ತಾನೆ, ಎಲ್ಲರ ಕಪ್ಪು ಬಟ್ಟೆಯ ಮೇಲೆ.

ಕ್ಯೋಹೇಯ್ ಹೊರಗೆ ಸಿಗರೇಟು ಸೇದುವ ಮೂಲೆಯಿಂದ ಬಂದ, ತಮ್ಮನ ಕೋಟಿನಿಂದ ಸಿಗರೇಟಿನ ವಾಸನೆ ಬರುತ್ತಿರಬೇಕು, ಅತ್ತೆ ಮೂಗು ಮುರಿದದ್ದರಿಂದ ತಿಳಿಯಿತು, ಅವನು ಅಕ್ಕನ ಪಕ್ಕದಲ್ಲೇ ಕೂತು ಒಂದು ಬಿಲ್ಲೆ ಮುರಿದ, ತಿನ್ನಲಿಲ್ಲ, ಚೂರುಗಳನ್ನು ತಟ್ಟೆಯ ಅಂಚಿನಲ್ಲಿ ಜೋಡಿಸಿದ, ಐವತ್ತು ದಾಟಿದ ಗಂಡಸು, ಒಂದು ಸಲವೂ ಸೀನಿದವನಲ್ಲ, ಅದೇ ಬೆಟ್ಟದಲ್ಲಿ, ಅದೇ ಮರಗಳ ಕೆಳಗೆ ಇಬ್ಬರೂ ಬೆಳೆದದ್ದು, ಅವನಿಗೆ ಏನೂ ಇಲ್ಲ. ಅಕ್ಕ, ಸೋಮವಾರ ಫೋನ್ ಮಾಡಿದ್ನಲ್ಲ, ಅಪ್ಪನಿಗೆ ಏನಾದ್ರೂ ಬೇಕಾ, ಬರುವಾಗ ತರ್ತೀನಿ ಅಂತ. ಹೂಂ. ನೀನು ಏನೂ ಬೇಡ ಅಂದೆ. ಹೂಂ. ನಿಜವಾಗ್ಲೂ ಏನೂ ಕೇಳ್ಲಿಲ್ವಾ ಅವನು, ಕೊನೇಲಿ, ಒಂದು ಮಾತು, ಒಂದು ತಿಂಡಿ, ಏನಾದ್ರೂ. ಏನೂ ಕೇಳಲಿಲ್ಲ, ಎಂದಳು ಚಿಗುಸಾ, ಮಾಸ್ಕಿನೊಳಗೆ ಆ ಮಾತು ಬೆಚ್ಚಗೆ ಅವಳ ತುಟಿಗೇ ವಾಪಸು ಬಡಿಯಿತು. ಅಣ್ಣ ಯಾವತ್ತು ಕೇಳಿದ್ದ ಹೇಳು, ಎಂದಳು ಅತ್ತೆ, ಹಲ್ಲು ಕೀಳಿಸ್ಕೊಳ್ಳೋಕೆ ಹೋದಾಗ್ಲೇ ಬಾಯಿ ಬಿಡದವನು, ಡಾಕ್ಟ್ರೇ ಕೈ ಮುಗಿದು ಬಾಯಿ ತೆಗೆಸ್ಬೇಕಾಯ್ತು. ಕ್ಯೋಹೇಯ್ ನಕ್ಕ, ನಗುತ್ತಲೇ ಕಣ್ಣು ಒರೆಸಿಕೊಂಡ, ಅದು ನಿಜವಾದ ಅಳು, ಚಿಗುಸಾ ಅದನ್ನು ಅಸೂಯೆಯಿಂದ ನೋಡಿದಳು, ಅವನ ಕಣ್ಣಿನ ನೀರಿಗೆ ಒಂದೇ ಕಾರಣ.

ಅವಳು ಎಚ್ಚರದವಳು, ಎಲ್ಲರೂ ಹಾಗೇ ಹೇಳುವುದು, ಗ್ರಂಥಾಲಯದಲ್ಲೂ, ಚಿಗುಸಾ ಅವರಿದ್ದರೆ ದೀಪ ಆರಿಸಿದೆಯೋ ಇಲ್ಲವೋ ಎಂದು ಚಿಂತೆಯಿಲ್ಲ, ಈ ಬೇನೆಯನ್ನೂ ಅವಳು ಹಾಗೇ ಸಾಕಿದಳು, ಹತ್ತೊಂಬತ್ತು ವರ್ಷ, ಒಂದು ನೋಟುಪುಸ್ತಕ ಇಟ್ಟು, ಬೆಳಿಗ್ಗೆ ಎಷ್ಟು ಸೀನು, ಎಷ್ಟು ಸಲ ಮೂಗು ಸೀಟಿದ್ದು, ರಾತ್ರಿ ಬಾಯಿಯಲ್ಲಿ ಉಸಿರಾಡಿದೆನೋ. ಜನವರಿ ಕೊನೆಯಲ್ಲೇ, ಒಂದು ಸೀನೂ ಬರುವ ಮುಂಚೆಯೇ, ಮಾತ್ರೆ ಶುರು ಮಾಡಬೇಕು, ಬೆಂಕಿ ಹತ್ತಿದ ಮೇಲೆ ಬಾವಿ ತೋಡುವುದಲ್ಲ, ಎಂದಿದ್ದರು ಕಿವಿಮೂಗಿನ ಡಾಕ್ಟರು, ಹಳೆಯ ಮಾತ್ರೆ ನಿದ್ದೆ ಬರಿಸುತ್ತದೆ, ಈ ಹೊಸದು ತೆಗೆದುಕೊಳ್ಳಿ, ಮೂಗಿಗೆ ಹೊಡೆದುಕೊಳ್ಳುವ ಔಷಧಿ ದಿನಾ ತಪ್ಪದೆ, ಒಂದು ದಿನ ಹೊಡೆದು ಗುಣವಾಗಲಿಲ್ಲ ಎನ್ನಬೇಡಿ. ಟಿವಿಯಲ್ಲಿ ಬೆಳಿಗ್ಗೆ ನಕ್ಷೆ, ಇಂದು ಹೂದೂಳು ಕಡಿಮೆ, ಸಾಧಾರಣ, ಹೆಚ್ಚು, ಅತಿ ಹೆಚ್ಚು, ಅತಿ ಹೆಚ್ಚಿಗೆ ನೇರಳೆ ಬಣ್ಣ, ಅಪ್ಪನ ಊರಿನ ಚಿಚಿಬು ಬೆಟ್ಟಗಳ ಮೇಲೆ ಮಾರ್ಚ್ ಪೂರ್ತಿ ನೇರಳೆ, ಮಧ್ಯಾಹ್ನ ಮತ್ತು ಸೂರ್ಯ ಮುಳುಗುವಾಗ ಜಾಸ್ತಿ, ಮಳೆ ಬಿದ್ದ ದಿನ ಕಡಿಮೆ, ಮಳೆಯ ಮರುದಿನ ಬಿಸಿಲು ಬಂದರೆ ದೇವರೇ ಗತಿ. ಉಣ್ಣೆ ಕೋಟು ಬೇಡ, ನುಣುಪು ಬಟ್ಟೆ, ಬಾಗಿಲ ಹೊರಗೇ ಮೈಯೆಲ್ಲ ಕೊಡವಿ ಒಳಗೆ ಬರಬೇಕು, ಬಂದ ಕೂಡಲೆ ಮುಖ ತೊಳೆಯಬೇಕು, ಕಣ್ಣು ಉಜ್ಜಬಾರದು, ಬಟ್ಟೆ ಒಳಗೇ ಒಣಗಬೇಕು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಗುಡಿಸಿದರೆ ಏಳುತ್ತದೆ, ಮತ್ತೆ ಕಿಟಕಿ — ಕಿಟಕಿ ಮುಚ್ಚಿರಬೇಕು. ಇದರಲ್ಲಿ ತಪ್ಪೇನಿದೆ, ಎಲ್ಲವನ್ನೂ ಸರಿಯಾಗಿಯೇ ಮಾಡಿದಳು, ಒಂದನ್ನೂ ಬಿಡದೆ. ನಿಮ್ಮ ಮೈಗೆ ಕಾವಲು ಜಾಸ್ತಿ ಅಷ್ಟೆ, ಎಂದಿದ್ದರು ಡಾಕ್ಟರು ಮೊದಲ ದಿನವೇ, ಹೂದೂಳು ಪಾಪದ್ದು, ಯಾರಿಗೂ ಏನೂ ಮಾಡುವುದಿಲ್ಲ, ನಿಮ್ಮ ಮೈ ಅದನ್ನು ಕಳ್ಳ ಎಂದುಕೊಂಡುಬಿಟ್ಟಿದೆ, ಒಂದು ಕಣ ಒಳಗೆ ಬಂದರೆ ಸಾಕು, ಊರೆಲ್ಲ ಎದ್ದು ಕೂಗುತ್ತದೆ. ಆಮೇಲೆ ಇನ್ನೊಂದು ದಾರಿ ಹೇಳಿದರು, ಅದೇ ಸುಗಿ ಮರದ ಸತ್ವವನ್ನು ದಿನಾ ಒಂದಿಷ್ಟು ನಾಲಿಗೆಯ ಕೆಳಗೆ ಇಟ್ಟುಕೊಳ್ಳಿ, ಒಂದು ನಿಮಿಷ, ಆಮೇಲೆ ನುಂಗಿ, ಮೂರು ವರ್ಷ, ಸಾಧ್ಯವಾದರೆ ಐದು, ಮೈ ನಿಧಾನಕ್ಕೆ ಕಲಿಯುತ್ತದೆ, ಇದು ಕಳ್ಳನಲ್ಲ ಎಂದು. ಎರಡು ವರ್ಷದಿಂದ ಇಡುತ್ತಿದ್ದಳು, ನವೆಂಬರಿನಲ್ಲಿ ಅಪ್ಪನನ್ನು ಬೆಟ್ಟದಿಂದ ತನ್ನ ಮನೆಗೆ ಕರೆತಂದ ಮರುದಿನ ಅವನ ಎದುರಿಗೇ ಬಾಯಿ ಮುಚ್ಚಿ ಗಡಿಯಾರ ನೋಡುತ್ತ ಕೂತಿದ್ದಳು, ಏನೇ ಅದು ಬಾಯಲ್ಲಿ. ನುಂಗಿದ ಮೇಲೆ ಹೇಳಿದಳು. ಅಪ್ಪ ಹಾಸಿಗೆಯಲ್ಲಿ ಅಲುಗಾಡುವಷ್ಟು ನಕ್ಕಿದ್ದ, ಹಾಗಾದ್ರೆ ನನ್ನ ಮರಾನೇ ತಿಂತಿದೀಯ ಅನ್ನು, ನಾನು ನೆಟ್ಟಿದ್ದು ಊರವರ ಮನೆ ಕಟ್ಟೋಕಮ್ಮಾ, ನಿನ್ನ ಮೂಗು ಕಟ್ಟೋಕಲ್ಲ.

ನೆಟ್ಟದ್ದು ಅವನೇ, ಹತ್ತೊಂಬತ್ತನೆಯ ವಯಸ್ಸಿಗೆ, ಯುದ್ಧ ಮುಗಿದು ಊರುಗಳೆಲ್ಲ ಸುಟ್ಟು ಹೋಗಿದ್ದವು, ಮರ ಬೇಕು ಮರ ನೆಡಿ ಎಂದು ಸರಕಾರ ಹೇಳಿತ್ತು, ಸಸಿಗಳ ಕಟ್ಟು ಬೆನ್ನಿಗೆ ಬಿಗಿದುಕೊಂಡು ನಿಲ್ಲಲಾಗದ ಇಳಿಜಾರಿನಲ್ಲಿ ಬೆಟ್ಟಕ್ಕೆ ಬೆಟ್ಟವೇ ನೆಟ್ಟರು, ಕೊಂಬೆ ಸವರುವಾಗ ಕತ್ತಿ ಜಾರಿ ಬಲಗೈಯ ತೋರುಬೆರಳಿನ ತುದಿ ಹೋಯಿತು, ಅಂದಿನಿಂದ ಅದು ಮೋಟು ಬೆರಳು, ಮರ ದೊಡ್ಡದಾಗುವ ಹೊತ್ತಿಗೆ ಕೊಳ್ಳುವವರಿಲ್ಲ, ಕಡಿಯುವವರಿಲ್ಲ, ಹೂ ಬಿಡುವುದೊಂದೇ ಅವುಗಳ ಕೆಲಸವಾಯಿತು. ಅವಳ ಮನೆ ನಾಲ್ಕನೆಯ ಮಹಡಿ, ಅಪ್ಪನ ಹಾಸಿಗೆಯನ್ನು ಕಿಟಕಿಗೆ ಒತ್ತಿ ಹಾಕಿದ್ದಳು, ಮಲಗಿದಲ್ಲಿಂದಲೇ ಆ ಬೆಟ್ಟ ಕಾಣಲಿ ಎಂದೇ, ಹೃದಯ ಸೋತಿದೆ, ಚಳಿಗಾಲ ದಾಟಿದರೆ ಹೆಚ್ಚು ಎಂದು ಮನೆಗೆ ಬರುತ್ತಿದ್ದ ಡಾಕ್ಟರು ಹೇಳಿದ್ದರು, ದಾಟಿತು, ಫೆಬ್ರವರಿಯಲ್ಲಿ ಬೆಟ್ಟದ ಹಸಿರು ತುಕ್ಕಿನ ಬಣ್ಣಕ್ಕೆ ತಿರುಗಿತು, ನೋಡು ಕೆಂಪಾಗಿದೆ, ಎಂದ ಅಪ್ಪ, ಈ ಸಲ ಹೂ ಜೋರು, ಅವನ ದನಿಯಲ್ಲಿ ಒಳ್ಳೆಯ ಬೆಳೆ ಕಂಡ ರೈತನ ಸಂತೋಷ, ಅವಳು ಆ ದಿನವೇ ಕಿಟಕಿಯ ಸಂದಿಗೆಲ್ಲ ಅಂಟುಪಟ್ಟಿ ಹಾಕಿದಳು. ಆಮೇಲೆ ಗಾಜಿನ ಹೊರಗೆ ಹಳದಿ ಕೂರತೊಡಗಿತು, ದಿನಾ ಒಂದು ಪದರ, ಬೆಟ್ಟ ಮಸುಕಾಯಿತು, ಒರೆಸಬೇಕೆಂದರೆ ಕಿಟಕಿ ತೆಗೆಯಬೇಕು. ಶನಿವಾರ ಅಪ್ಪ ಮೊದಲ ಸಲ ಕೇಳಿದ, ಚಿಗುಸಾ, ಈ ಕಿಟಕಿ ಒಂಚೂರು ತೆಗಿಯೇ, ಗಾಳಿ ಬೆಟ್ಟದ ಕಡೆಯಿಂದ ಇದೆ, ಮರದ ವಾಸನೆ ಬರುತ್ತೆ. ಇವತ್ತು ನೇರಳೆ ಅಪ್ಪ. ಏನು ನೇರಳೆ. ಅತಿ ಹೆಚ್ಚು ಅಂತ ಟಿವೀಲಿ ಬಂತು, ತೆಗೆದ್ರೆ ನಾನು ಸತ್ತೇ ಹೋಗ್ತೀನಿ — ಸತ್ತೇ ಹೋಗ್ತೀನಿ ಎಂದಳು ಅವಳು, ಮಾತುಗಳನ್ನು ತೂಗಿ ಆಡುವವಳು, ಸಾಯುತ್ತಿರುವವನ ಎದುರಿಗೆ. ಅಪ್ಪ ಹಾಗಾದ್ರೆ ಬೇಡ ಬಿಡು ಎಂದ. ಭಾನುವಾರ ಮತ್ತೆ ಕೇಳಿದ, ಅವಳು ನಕ್ಷೆ ನೋಡಿ ಬಂದಿದ್ದಳು, ಗುರುವಾರ ಮಳೆ ಇದೆ ಅಪ್ಪ, ಅವತ್ತು ಪೂರ್ತಿ ತೆಗೀತೀನಿ, ಎಷ್ಟು ಹೊತ್ತು ಬೇಕಾದ್ರೂ. ಗುರುವಾರಾನಾ, ಎಂದು ಅಪ್ಪ ನಕ್ಕ, ಗುರುವಾರ ಎಂಬ ಊರು ಎಷ್ಟು ದೂರ ಎಂದು ಗೊತ್ತಿರುವವನ ಹಾಗೆ. ಅಡುಗೆಮನೆಯ ಫ್ರಿಜ್ಜಿನ ಮೇಲೆ ಅವಳೇ ಅಂಟಿಸಿದ್ದ ಚೀಟಿ ಇತ್ತು, ಆಸ್ಪತ್ರೆಯಲ್ಲಿ ಕೊಟ್ಟದ್ದು, ಗಾಳಿ ಬೇಕಾದಾಗ ತೆಳು ಪರದೆ ಎಳೆದು ಕಿಟಕಿಯನ್ನು ಒಂದು ಅಂಗೈ ಅಗಲ ಮಾತ್ರ ತೆರೆಯಿರಿ, ಒಳಗೆ ಬರುವ ದೂಳು ಬಹಳ ಕಡಿಮೆಯಾಗುತ್ತದೆ, ಅದನ್ನು ಅವಳು ಓದಿದ್ದಳು, ಕೆಳಗೆ ಗೆರೆಯನ್ನೂ ಎಳೆದಿದ್ದಳು, ಒಂದು ಅಂಗೈ, ಐದು ನಿಮಿಷ, ಮಾಸ್ಕ್ ಹಾಕಿಕೊಂಡು, ಕನ್ನಡಕ ಹಾಕಿಕೊಂಡು, ಬೇಕಾದರೆ ತಾನು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತು, ಎರಡು ವರ್ಷದ ಸತ್ವ ನಾಲಿಗೆಯ ಕೆಳಗೆ ಕರಗಿ ಈ ವಸಂತದಲ್ಲಿ ಬೆಳಿಗ್ಗೆಯ ಸೀನು ಮೂವತ್ತರಿಂದ ಹತ್ತಕ್ಕೆ ಇಳಿದಿತ್ತಲ್ಲ, ನೋಟುಪುಸ್ತಕದಲ್ಲೇ ಇದೆ, ಅವಳ ಅಕ್ಷರದಲ್ಲೇ ಇದೆ. ಸೋಮವಾರ ಅಪ್ಪ ಕೇಳಲಿಲ್ಲ. ಅವಳು ಚಹಾ ತಂದಾಗ ಪಕ್ಕಕ್ಕೆ ಹೊರಳಿ ಮೋಟು ಬೆರಳಿನಿಂದ ಗಾಜು ಒರೆಸುತ್ತಿದ್ದ, ಎಡದಿಂದ ಬಲಕ್ಕೆ, ಒರೆಸಿ ಬೆರಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿಕೊಂಡ, ಏನೂ ಅಂಟಿರಲಿಲ್ಲ, ಮತ್ತೆ ಒರೆಸಿದ, ಹಳದಿ ಗಾಜಿನ ಆಚೆ ಇತ್ತು, ಅವನಿಗೆ ಅದು ತಿಳಿಯುತ್ತಿಲ್ಲ ಎಂದು ಅವಳಿಗೆ ತಿಳಿಯಿತು — ಫೋನು ಬಡಿಯಿತು, ಕ್ಯೋಹೇಯ್, ಅಪ್ಪನಿಗೆ ಏನಾದ್ರೂ ಬೇಕಾ ಅಕ್ಕ, ಇಲ್ಲ, ಏನೂ ಬೇಡ.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಸ್ನಾನದ ಮನೆಯಲ್ಲಿ ಅಪ್ಪನ ಅಂಗಿಗಳನ್ನು ಒಣಹಾಕುತ್ತಿದ್ದಳು, ಹೊರಗೆ ಹಾಕಿದರೆ ದೂಳು ಕೂರುತ್ತದೆ, ಎರಡು ಅಂಗಿ, ಒಂದು ಹೊದಿಕೆ, ಹೊದಿಕೆಯ ಅಂಚು ಸರಿಯಾಗಿ ಕೂಡಿಸಿ ಬಂದಳು, ಅಷ್ಟರಲ್ಲಿ ಆಗಿಹೋಗಿತ್ತು. ಬುಧವಾರ ಸುಡುವ ಹಾಗಿರಲಿಲ್ಲ, ಪಂಚಾಂಗದಲ್ಲಿ ಅದು ಗೆಳೆಯರನ್ನು ಎಳೆಯುವ ದಿನ, ಅಂದು ಸುಟ್ಟರೆ ಹೋದವನು ಜೊತೆಗೆ ಇನ್ನೊಬ್ಬರನ್ನು ಕರೆದುಕೊಳ್ಳುತ್ತಾನೆ, ಒಲೆಗಳಿಗೂ ಅಂದು ರಜೆ, ಹಾಗಾಗಿ ಗುರುವಾರ, ಹಾಗಾಗಿ ಇವತ್ತು. ಬೆಳಿಗ್ಗೆ ಮುಚ್ಚಳ ಹಾಕುವ ಮೊದಲು ಎಲ್ಲರೂ ಪೆಟ್ಟಿಗೆಯೊಳಗೆ ಬಿಳಿ ಹೂ ಇಟ್ಟರು, ಅತ್ತೆ ಅಣ್ಣನ ಕಿವಿಯ ಹತ್ತಿರ ಏನೋ ಬೈದು ಹೂ ಇಟ್ಟಳು, ಕ್ಯೋಹೇಯ್ ಒಂದು ಚೀಲ ಬಿಚ್ಚಿದ, ಎರಡು ಗಂಟು ಹಾಕಿದ ಚೀಲ, ಒಳಗೆ ಸುಗಿಯ ಕೊಂಬೆ, ಊರಿನ ಬೆಟ್ಟಕ್ಕೆ ಮುಂಜಾನೆಯೇ ಹೋಗಿ ಅಪ್ಪ ನೆಟ್ಟ ಇಳಿಜಾರಿನಿಂದಲೇ ಮುರಿದು ತಂದದ್ದು, ತುದಿಯಲ್ಲಿ ಗೋಧಿ ಕಾಳಿನ ಹಾಗೆ ಕಂದು ಹೂಗಳು ಜೋಲುತ್ತಿದ್ದವು, ಅವನು ಅದನ್ನು ಅಪ್ಪನ ಎದೆಯ ಮೇಲೆ ಇಡುವಾಗ ತುದಿ ಪೆಟ್ಟಿಗೆಯ ಅಂಚಿಗೆ ತಾಗಿತು, ಹೊಗೆಯ ಹಾಗೆ ದೂಳು ಎದ್ದಿತು, ಹಳದಿ, ಮೆತ್ತಗೆ, ಅಪ್ಪನ ಗಲ್ಲದ ಮೇಲೆ, ಮುಚ್ಚಿದ ರೆಪ್ಪೆಯ ಮೇಲೆ, ಮೂಗಿನ ಮೇಲೆ ಕೂತಿತು. ಚಿಗುಸಾ ಎರಡು ಹೆಜ್ಜೆ ಹಿಂದೆ ಸರಿದಳು. ಯೋಚಿಸಿ ಅಲ್ಲ, ಕಾಲೇ ಸರಿಯಿತು, ಆದರೂ ಎರಡು ಹೆಜ್ಜೆ, ಮುಚ್ಚಳ ಬೀಳುವಾಗ ಅವಳು ಎಲ್ಲರಿಗಿಂತ ಎರಡು ಹೆಜ್ಜೆ ದೂರದಲ್ಲಿದ್ದಳು. ತಪ್ಪಾಯ್ತು ಅಕ್ಕ, ಹೊರಗೇ ಕೊಡವಿ ತರ್ಬೇಕಿತ್ತು, ಎಂದ ಕ್ಯೋಹೇಯ್, ತಪ್ಪಾಯ್ತು ಎಂದು ಅವನು, ಅವಳಿಗೆ.

ಇಸಾಕು ಅವರ ಮನೆಯವರು ಬನ್ನಿ, ಎಂದರು ಬಾಗಿಲಲ್ಲಿ ನಿಂತ ಬಿಳಿ ಕೈಗವಸಿನವರು, ಮೆಲುದನಿ, ಎಲ್ಲರೂ ಎದ್ದರು, ಅಪ್ಪನ ಹೆಸರನ್ನು ಇನ್ನೂ ಬದುಕಿರುವವನ ಹೆಸರಿನ ಹಾಗೆ ಕರೆದರಲ್ಲ, ಕಾರಿಡಾರ್ ಉದ್ದಕ್ಕೂ ಅವಳು ಬಾಯಿಯಿಂದ ಉಸಿರೆಳೆಯುತ್ತ ನಡೆದಳು, ಬೆಳಿಗ್ಗೆ ಮಾತ್ರೆ ತಗೊಂಡಾಗಿದೆ, ಮೂಗಿಗೆ ಹೊಡೆದುಕೊಂಡಾಗಿದೆ, ಕಣ್ಣಿಗೆ ಹನಿ ಹಾಕಿಕೊಂಡಾಗಿದೆ, ಸೀನು ಬರಬಾರದು. ತಟ್ಟೆ ಇನ್ನೂ ಬಿಸಿ, ಮುಖಕ್ಕೆ ಹೊಡೆಯಿತು, ಅಪ್ಪ ಇಷ್ಟು ಬೆಳ್ಳಗೆ ಇಷ್ಟು ಸ್ವಲ್ಪ ಆಗಿದ್ದ, ಪಾದದಿಂದ ಶುರು ಮಾಡಿ ಮೇಲಕ್ಕೆ, ಎಲುಬು ತುಂಬುವ ಗಡಿಗೆಯೊಳಗೆ ಅವರು ನೆಟ್ಟಗೆ ನಿಂತಿರಬೇಕಲ್ಲವೇ, ಎಂದರು ಕೈಗವಸಿನವರು, ಒಂದು ಎಲುಬಿಗೆ ಇಬ್ಬರು, ಒಂದು ಬಿದಿರ ಕಡ್ಡಿ, ಒಂದು ಬೇರೆ ಮರದ ಕಡ್ಡಿ, ಅಕ್ಕ ತಮ್ಮ ಒಟ್ಟಿಗೆ ಹಿಡಿದು ಎತ್ತಬೇಕು, ಊಟದಲ್ಲಿ ಇಬ್ಬರು ಒಂದೇ ತುಂಡನ್ನು ಕಡ್ಡಿಯಿಂದ ಹಿಡಿದರೆ ಅಮ್ಮ ಕೈಗೆ ಹೊಡೆಯುತ್ತಿದ್ದಳು, ಅದು ಎಲುಬು ಆರಿಸುವ ರೀತಿ ಕಣ್ರೇ, ಬಿಡ್ರೋ, ಬಿಡ್ರೋ. ಅಂಗಾಲು, ಮೊಣಕಾಲು, ಸೊಂಟದ್ದೊಂದು ಚೂರು, ಕಡ್ಡಿಗಳ ತುದಿ ಸಣ್ಣಗೆ ತಾಗುವ ಸದ್ದು, ಅತ್ತೆಯ ಗೊಣಗು, ಎಷ್ಟು ಗಟ್ಟಿ ಎಲುಬು ನೋಡು, ಬೆಟ್ಟ ಹತ್ತಿದ ಎಲುಬು, ನಮ್ಮದೆಲ್ಲ ಹಿಟ್ಟಾಗುತ್ತೆ. ಎದೆಯ ಜಾಗದಲ್ಲಿ ಕೊಂಬೆಯ ಗುರುತೂ ಇರಲಿಲ್ಲ. ಇವು ಕೈಯವು, ಎಂದರು ಕೈಗವಸಿನವರು, ಇಲ್ಲಿ ಬೆರಳುಗಳು, ತೀರ ಚಿಕ್ಕವು, ನಿಧಾನವಾಗಿ. ಬೆಣಚುಕಲ್ಲಿನ ಹಾಗೆ ಚೂರುಗಳು, ಯಾವುದು ಬಲಗೈ, ಯಾವುದು ಎಡಗೈ, ಯಾವುದು ಮೋಟು, ಅವಳು ಹುಡುಕಿದಳು, ಬಗ್ಗಿ ಹುಡುಕಿದಳು, ಕಣ್ಣೀರು ಮಂಜಾಗಿ ಎಲ್ಲ ಚೂರೂ ಒಂದೇ ಥರ ಕಂಡವು, ಕ್ಯೋಹೇಯ್ ಒಂದನ್ನು ತನ್ನ ಕಡ್ಡಿಯಿಂದ ಮುಟ್ಟಿದ, ಅವಳ ಕಡ್ಡಿಯೂ ಅದನ್ನು ಮುಟ್ಟಿತು, ಇಬ್ಬರ ನಡುವೆ ಅದು ಗಾಳಿಯಲ್ಲಿ ನಿಂತಿತು, ಕಾಳಿನಷ್ಟೇ ಹಗುರ. ಕೇಳಿದ್ದ, ಎಂದಳು ಚಿಗುಸಾ. ಏನು. ಅಪ್ಪ ಕೇಳಿದ್ದ, ಕಿಟಕಿ ತೆಗಿ ಅಂತ, ಬೆಟ್ಟದ ಗಾಳಿ ಬೇಕು ಅಂತ, ಎರಡು ಸಲ ಬಾಯಿಂದ, ಒಂದು ಸಲ — ತೆಗೆದ್ಯಾ, ಎಂದ ತಮ್ಮ. ಗುರುವಾರ ತೆಗೀತೀನಿ ಅಂದೆ, ಗುರುವಾರ ಮಳೆ ಇದೆ ಅಂತ ಟಿವೀಲಿ ಬಂದಿತ್ತು. ಕ್ಯೋಹೇಯ್ ಅವಳನ್ನು ನೋಡಲಿಲ್ಲ, ಎಲುಬನ್ನೇ ನೋಡುತ್ತ ಮೆಲ್ಲಗೆ ಎಂದ, ಇವತ್ತು ಗುರುವಾರ ಅಕ್ಕ. ಆಗಲೇ ಚಾವಣಿಯ ಮೇಲೆ ಸದ್ದು, ಮೊದಲು ಒಂದೆರಡು, ಆಮೇಲೆ ಒಟ್ಟಿಗೆ, ಮಳೆ, ಹೇಳಿದ ದಿನಕ್ಕೆ ಸರಿಯಾಗಿ ಬಂದ ಮಳೆ, ಸೀನು ಬರಲಿಲ್ಲ, ಗಂಟಲು ತೆರೆದುಕೊಂಡಿತು, ಮೂಗು ತೆರೆದುಕೊಂಡಿತು, ತಿಂಗಳಲ್ಲಿ ಮೊದಲ ಸಲ ಅವಳಿಗೆ ವಾಸನೆ ತಿಳಿಯಿತು, ಬಿಸಿ ಇಟ್ಟಿಗೆಯದು, ಒದ್ದೆ ಮಣ್ಣಿನದು, ಈಗ ನಾಲ್ಕನೆಯ ಮಹಡಿಯಲ್ಲೂ ಬೀಳುತ್ತಿರುತ್ತದೆ, ಆ ಗಾಜಿನ ಮೇಲೂ, ಹೊರಗಿನ ಹಳದಿ ಗೆರೆಗೆರೆಯಾಗಿ ಇಳಿದುಹೋಗುತ್ತಿರುತ್ತದೆ, ಬೆಟ್ಟ ತಿಳಿಯಾಗುತ್ತಿರುತ್ತದೆ, ಬರಿದಾದ ಹಾಸಿಗೆಗೆ ಕಾಣುತ್ತಿರುತ್ತದೆ, ತೊಳೆದ ಗಾಜಿನಲ್ಲಿ ಉಳಿಯುವುದು ಒಳಗಿನದು ಮಾತ್ರ, ಮಳೆಗೆ ಸಿಗದ್ದು, ಜಿಡ್ಡಿನ ಒಂದು ಗೆರೆ, ಎಡದಿಂದ ಬಲಕ್ಕೆ, ಮೋಟು ಬೆರಳಿನ ಅಗಲ, ಅಪ್ಪ ಒರೆಸುತ್ತಾನೆ, ಬೆರಳು ನೋಡಿಕೊಳ್ಳುತ್ತಾನೆ, ಏನೂ ಇಲ್ಲ, ಒರೆಸುತ್ತಾನೆ, ಎಡದಿಂದ ಬಲಕ್ಕೆ, ನೋಡಿಕೊಳ್ಳುತ್ತಾನೆ, ಏನೂ ಇಲ್ಲ, ಒರೆಸುತ್ತಾನೆ